ನಿಜದ ಹೂವು, ನಾಯಿಹೂವು

ಗಾಪ್ಸುನ್ ಅಜ್ಜಿಗೆ ಗುಡ್ಡದ ಮೇಲಿನ ಆ ಗುಲಾಬಿ ಬಣ್ಣದ ಹೂವೆಂದರೆ ಜೀವ. ಊರವರು ಅದನ್ನು ನಿಜದ ಹೂವು ಎನ್ನುತ್ತಿದ್ದರು, ಏಕೆಂದರೆ ತಿನ್ನಬಹುದು. ಅದರಂತೆಯೇ ಕಾಣುವ, ಸ್ವಲ್ಪ ತಡವಾಗಿ ಬಿರಿಯುವ ಇನ್ನೊಂದಕ್ಕೆ ನಾಯಿಹೂವು ಎಂದು ಹೆಸರು, ಅದು ವಿಷ. ಅವಳು ಚಿಕ್ಕವಳಿದ್ದಾಗ ಒಂದು ವಸಂತದಲ್ಲಿ ಹೊಲದ ಬಾರ್ಲಿ ಇನ್ನೂ ಹಸಿರಾಗಿರುವಾಗಲೇ ಮನೆಯ ಮಡಕೆಗಳೆಲ್ಲ ಬರಿದಾದವು. ತಾಯಿ ಗುಡ್ಡ ಹತ್ತಿ, ಮಡಿಲು ತುಂಬ ನಿಜದ ಹೂವು ತಂದು, ಮಕ್ಕಳಿಬ್ಬರ ಬಾಯಿಗೆ ಒಂದೊಂದಾಗಿ ಇಟ್ಟಳು. ತಮ್ಮ ಉಳಿಯಲಿಲ್ಲ, ಗಾಪ್ಸುನ್ ಉಳಿದಳು. ತಾಯಿಯ ಮುಖ ಮರೆತುಹೋಯಿತು, ಹೂವಿನ ಹುಳಿ ಮಾತ್ರ ಮರೆಯಲಿಲ್ಲ.

ಪ್ರತಿ ವಸಂತದ ಹಬ್ಬಕ್ಕೆ ಅವಳೇ ಹೂವು ಕಿತ್ತು ತಂದು, ಅಂಟಕ್ಕಿ ಹಿಟ್ಟಿನ ಪುಟ್ಟ ದೋಸೆಗಳ ಮೇಲೆ ಒತ್ತಿ ಬೇಯಿಸುತ್ತಿದ್ದಳು. ಹೋದ ಚಳಿಗಾಲದಿಂದ ಕಣ್ಣಿಗೆ ಪೊರೆ ಬಂದಿತ್ತು. ಹೇಳಿದರೆ ಸೊಸೆ ಹೇಸುಕ್ ಗುಡ್ಡಕ್ಕೆ ಬಿಡುತ್ತಾಳೆಯೇ? ಅಜ್ಜಿ ತುಟಿ ಪಿಟಕ್ಕೆನ್ನಲಿಲ್ಲ. ಆ ಸಲ ಹಬ್ಬ ತಡವಾಗಿ ಬಂದಿತ್ತು. ನಿಜದ ಹೂವು ಉದುರುತ್ತಿತ್ತು, ನಾಯಿಹೂವು ಬಿರಿಯುತ್ತಿತ್ತು. ಬೆಳಗಿನ ಚಳಿಗೆ ಕೈಗವಸು ಹಾಕಿಕೊಂಡೇ ಬುಟ್ಟಿ ತುಂಬಿಸಿದಳು. ಈ ಸಲ ಮನೆಯಲ್ಲಿ ಹಿಟ್ಟು ತಟ್ಟುವುದು ಅಜ್ಜಿಯ ಕೆಲಸ, ಹೂವು ಅಂಟಿಸುವುದು ಮೊಮ್ಮಗಳು ಬೊರಾಳದು. ಮೊದಲ ಬಿಸಿ ದೋಸೆಗಳೂ ಅವಳಿಗೇ.

ಮಧ್ಯಾಹ್ನದ ಹೊತ್ತಿಗೆ ಮಗು ಒಂದೇ ಸಮನೆ ವಾಂತಿ ಮಾಡಿಕೊಂಡು, ಕೈಕಾಲು ತಣ್ಣಗಾಗಿ ಮಲಗಿಬಿಟ್ಟಿತು. ಕೆಳಗಿನ ಕೇರಿಯಿಂದ ಓಡಿಬಂದ ನರ್ಸ್ ಮಿಜಾ ಮಣಿಕಟ್ಟು ಹಿಡಿದು ನೋಡಿದಳು.

"ನಾಡಿ ತೀರಾ ನಿಧಾನ. ಏನ್ ತಿಂತು ಮಗು?"

"ಹೂವಿನ್ ದೋಸೆ," ಎಂದಳು ಹೇಸುಕ್. "ಅತ್ತೆ, ನಾಯಿಹೂವು ಸೇರ್ಕೊಂಡಿದ್ಯಾ?"

"ನಂಗೇ ಹೂವಿನ್ ಪಾಠ ಹೇಳ್ತೀಯೇನೆ? ನಿಮ್ಮಪ್ಪ ಹುಟ್ಟೋಕ್ ಮುಂಚೆಯಿಂದ ಕೀಳ್ತಿದೀನಿ! ನಿನ್ನೆ ನೀನ್ ಬಡಿಸಿದ ಒಣಮೀನು ನೋಡ್ಕೋ ಮೊದ್ಲು."

"ಅಜ್ಜಿ, ಜಗಳ ಆಮೇಲೆ," ಎಂದಳು ಮಿಜಾ. "ಮೀನಿಗೆ ಬೇರೆ ಔಷಧಿ, ಹೂವಿಗೆ ಬೇರೆ. ಆಸ್ಪತ್ರೆಗೆ ಏನಂತ ಫೋನ್ ಮಾಡ್ಲಿ?"

"ಮೀನು ಅಂತ್ಲೇ ಹೇಳು!"

ಇವರ ಬಾಯಿ ಮುಚ್ಚಿಸುತ್ತೇನೆಂದು ಅಜ್ಜಿ ಬುಟ್ಟಿ ಎಳೆದು ಕೈ ಹಾಕಿದಳು. ಈಗ ಕೈಗವಸು ಇರಲಿಲ್ಲ. ಹೂವಿನ ತೊಟ್ಟು ಬೆರಳಿಗೆ ಅಂಟಿಕೊಂಡಿತು. ನಿಜದ ಹೂವು ಅಂಟುವುದಿಲ್ಲ. ಇನ್ನೊಂದು ಮುಟ್ಟಿದಳು, ಅದೂ ಅಂಟಿತು. ಬುಟ್ಟಿಯನ್ನು ಒಲೆಗೆ ಸುರಿದುಬಿಟ್ಟರೆ ಯಾರಿಗೂ ಗೊತ್ತಾಗದು ಎಂದು ಒಂದು ಗಳಿಗೆ ಅನ್ನಿಸಿತು. ಆ ಮಗುವಿನ ಎದುರಿಗೇ ಅನ್ನಿಸಿತು.

"ನಾಯಿಹೂವು," ಎನ್ನುತ್ತ ಬುಟ್ಟಿಯನ್ನು ಮಿಜಾಳತ್ತ ತಳ್ಳಿದಳು. "ನಾನೇ ಕಿತ್ತೆ. ಕಣ್ ಕಾಣಲ್ಲ ಕಣೇ ಹೇಸುಕ್, ನಂಗೆ ಕಣ್ಣೇ ಕಾಣಲ್ಲ."

ಹೇಸುಕ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗುವನ್ನು ಎದೆಗವಚಿಕೊಂಡು ಪಕ್ಕದ ಮನೆಯ ಟ್ರಕ್ಕಿನತ್ತ ಓಡಿದಳು. ಹಿಂದೆಯೇ ಅಜ್ಜಿ ಬರಿಗಾಲಲ್ಲಿ ಮುಗ್ಗರಿಸುತ್ತ ಹೋಗಿ ಹತ್ತಿಕೊಂಡಳು. ದಾರಿಯುದ್ದಕ್ಕೂ ಎಂದೋ ತೀರಿಹೋದ ತನ್ನ ತಾಯಿಯನ್ನು ಕರೆದು ಬೇಡಿಕೊಂಡಳು: ನನ್ನನ್ನು ಉಳಿಸಿದ್ದು ತಪ್ಪು, ನನ್ನನ್ನು ಕರೆಸಿಕೋ, ಈ ಮಗುವನ್ನು ಬಿಡು.

ಮಾರನೆಯ ದಿನ ಬೊರಾ ಕಣ್ಣು ಬಿಟ್ಟಳು. ಇನ್ನು ಭಯವಿಲ್ಲ, ಗಂಜಿ ಕುಡಿಸಿ ಎಂದರು ಡಾಕ್ಟರು. ಮೂಲೆಯಲ್ಲಿ ಮುದುಡಿ ಕೂತಿದ್ದ ಅಜ್ಜಿಗೆ ಹೋದ ಜೀವ ಬಂದಂತಾಯಿತು. ಹೇಸುಕ್ ಬಟ್ಟಲನ್ನು ಅವಳ ಕೈಗೇ ಕೊಟ್ಟಳು. ಅಜ್ಜಿ ಊದಿ ಊದಿ ಆರಿಸಿ, ತಡವರಿಸುತ್ತ ಚಮಚವನ್ನು ಮಗುವಿನ ಬಾಯಿಯ ಹತ್ತಿರ ತಂದಳು.

"ಆ ಅನ್ನು, ನನ್ ಮರೀ."

ಬೊರಾ ತುಟಿ ಬಿಗಿದು ಮುಖ ತಿರುಗಿಸಿದಳು.

"ಅಜ್ಜಿ ಕೈಯಿಂದ ಬೇಡ," ಎಂದಳು. "ಅಮ್ಮಾ, ನೀನ್ ತಿನ್ಸು."