ತಂತಿ ಕಡಿದರೂ ತೆರೆಯಬೇಕಾದ ಬಾಗಿಲು

ಕುಷ್ಟಗಿಯ ಹೊರವಲಯದ ಆ ಬೀಜ ಸಂಸ್ಕರಣಾ ಘಟಕಕ್ಕೆ ಹೋದಾಗ ನಾನು ಮೊದಲು ನೋಡಿದ್ದು ಕಾರ್ಡು ಓದುವ ಯಂತ್ರ ಬಾಗಿಲಿನ ಯಾವ ಬದಿಯಲ್ಲಿದೆ ಎಂಬುದನ್ನು. ಎರಡೂ ಬದಿಯಲ್ಲಿತ್ತು. ಒಳಗೆ ಬರುವವರಿಂದ ಕಾರ್ಡು ಕೇಳುವುದು ಮಾಲೀಕರ ಹಕ್ಕು. ಹೊರಗೆ ಹೋಗುವವರಿಂದ ಕೇಳುವುದು ತಪ್ಪು. ಕಾರ್ಡುಗಳು ಇದ್ದದ್ದು ಎರಡೇ. ಮಾಲೀಕರ ಕಿಸೆಯಲ್ಲಿ ಒಂದು, ಮೇಲ್ವಿಚಾರಕನ ಕೊರಳಲ್ಲಿ ಇನ್ನೊಂದು. ನೆಲದ ಮೇಲೆ ಸಾಲಾಗಿ ಕುಳಿತು ಟೊಮೆಟೊ, ಮೆಣಸಿನ ಬೀಜ ಆರಿಸುತ್ತಿದ್ದ ಹೆಂಗಸರಲ್ಲಿ ಒಬ್ಬರ ಬಳಿಯೂ ಇರಲಿಲ್ಲ. ಸಂಕರ ಬೀಜ ಬಂಗಾರದಂಥ ಸರಕು, ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗುತ್ತಾರೆ ಎಂಬುದು ಮಾಲೀಕರ ವಿವರಣೆ. ಗಂಡಸರ ಕಿಸೆಗಳ ಬಗ್ಗೆ ಅವರಿಗೆ ಅಂಥ ಸಂಶಯವಿರಲಿಲ್ಲ. ಅದು ಎರಡನೆಯ ತಪ್ಪು.

ನಾನು ಕಲಿತ ಶಾಲೆಯಲ್ಲಿ ಬೆತ್ತವಿರಲಿಲ್ಲ. ಅನ್ಯಾಯ ಕಂಡರೆ ಅದಕ್ಕೊಂದು ಹೆಸರು ಕೊಟ್ಟು, ಮಾಡಿದವರ ಎದುರಿಗೇ ಹೇಳಬೇಕೆಂದು ಅಲ್ಲಿ ಕಲಿಸಿದ್ದರು. ಮುಂದೆ ವಿದ್ಯುತ್ ಕೆಲಸ ಕಲಿತು, ಕೊಪ್ಪಳ ಜಿಲ್ಲೆಯಾದ ಮೇಲೆ ಎದ್ದ ಹೊಸ ಕಚೇರಿ, ಬ್ಯಾಂಕು, ಗೋದಾಮುಗಳಿಗೆ ಕಾರ್ಡಿನ ಬಾಗಿಲು ಜೋಡಿಸುವ ಕಸುಬಿಗೆ ಇಳಿದಾಗಲೂ ಆ ಅಭ್ಯಾಸವನ್ನು ನಾನು ಬಿಡಲಿಲ್ಲ. ಬಾಗಿಲು ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂಬುದು ಬರೀ ತಂತಿಯ ಪ್ರಶ್ನೆಯಲ್ಲ.

ಘಟಕದ ಮಾಲೀಕರು ನನ್ನನ್ನು ಕರೆಸಿದ್ದು ಹೆಂಗಸರ ಮೇಲಿನ ಕಾಳಜಿಯಿಂದಲ್ಲ. ಬೆಂಕಿ ಬಿದ್ದರೆ ಬಾಗಿಲು ತೆರೆಯುವ ತುರ್ತು ಗುಂಡಿ ಬೇಕು, ಅದಕ್ಕೆ ತಂತ್ರಜ್ಞರ ಸಹಿ ಬೇಕು ಎಂದು ಬೀಜ ಕೊಳ್ಳುವ ಕಂಪನಿಯವರು ಪತ್ರ ಬರೆದಿದ್ದರು. ಬಾಗಿಲನ್ನು ಹಿಡಿದಿದ್ದದ್ದು ವಿದ್ಯುತ್ ಅಯಸ್ಕಾಂತ. ಅದಕ್ಕೆ ಕರೆಂಟು ಹರಿಯುವವರೆಗೆ ಹತ್ತು ಜನ ಎಳೆದರೂ ಬಾಗಿಲು ಬಿಡುವುದಿಲ್ಲ. ಕರೆಂಟು ನಿಂತ ಕ್ಷಣ ಬೆರಳಿನಿಂದ ತಳ್ಳಿದರೂ ತೆರೆಯುತ್ತದೆ. ಊರಿನ ಕರೆಂಟು ಹೋದರೂ ಬ್ಯಾಟರಿ ಅದನ್ನು ಹಿಡಿದೇ ಇಡುತ್ತಿತ್ತು. ಗುಂಡಿಗೂ ಅಯಸ್ಕಾಂತಕ್ಕೂ ನಡುವೆ, ಕರೆಂಟು ಬಂದರೆ ಸ್ವಿಚ್ಚನ್ನು ಎಳೆದು ಹಿಡಿಯುವ, ಹೋದರೆ ಕೈಬಿಡುವ ರಿಲೇಗಳ ಪೆಟ್ಟಿಗೆಯೊಂದನ್ನು ಕೂರಿಸಿ, ಕಂಪ್ಯೂಟರಿನ ಒಪ್ಪಿಗೆ ಕೇಳದಂತೆ ನೇರ ತಂತಿಯಲ್ಲಿ ಜೋಡಿಸುವುದು ನಮ್ಮ ಕೆಲಸ.

ಜೋಡಿಸಿದ್ದು ನನ್ನ ಜೊತೆಗಾರ ಕಾಕಾ. ಮರಳಿ, ಶ್ರೀರಾಮನಗರ ಎಂಬ ಊರುಗಳ ಗದ್ದೆಗಳಲ್ಲಿ ಮೂವತ್ತು ವರ್ಷ ಪಂಪಿನ ಸ್ಟಾರ್ಟರ್ ರಿಪೇರಿ ಮಾಡಿದ ಕೈ ಅವರದು. ಗುಂಡಿ ಒತ್ತಿದೆ. ಬಾಗಿಲು ತೆರೆಯಿತು. ಮಾಲೀಕರು ಸಹಿಯ ಕಾಗದ ಮುಂದಿಟ್ಟರು.

ಆಗ ಯಲಬುರ್ಗಾ ಕಡೆಯ ಒಬ್ಬ ನಡುವಯಸ್ಸಿನ ಹೆಂಗಸು ಬೀಜದ ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು: "ಅಕ್ಕಾರ, ಬೆಂಕಿ ಹತ್ತಿದ್ರ ಮೊದ್ಲ ವೈರ ಸುಡತಾವಲ್ರಿ. ಆಮ್ಯಾಲ ಈ ಗುಂಡಿ ಒತ್ತಿದ್ರ ಯಾರಿಗೆ ತಿಳೀತೈತಿ?"

"ವೈರ್ ಕಡದ್ರೂ ಬಾಗ್ಲ ತಾನ ತೆರೀತೈತಿ, ನೋಡ್ರಿ," ಎಂದು ನಾನು ಗುಂಡಿಯಿಂದ ಬರುವ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತೆ.

ಬಾಗಿಲು ಅಲುಗಲಿಲ್ಲ. ಗುಂಡಿ ಒತ್ತಿದೆ. ಆಗಲೂ ಇಲ್ಲ.

ಹೆಂಗಸರು ನಕ್ಕರು. ಮಾಲೀಕರು ಕಿಸೆ ತಟ್ಟಿಕೊಂಡು, "ನನ್ನ ಕಡೆ ಕಾರ್ಡ್ ಐತಲ್ರೀ, ಯಾಕ ಗಾಬರಿ?" ಎಂದರು.

"ಸಾವ್ಕಾರ್ರ, ನೀವು ಊಟಕ್ಕ ಮನಿಗೆ ಹೋಗುವಾಗ ಆ ಕಿಸೆ ಇಲ್ಲೇ ಬಿಚ್ಚಿಟ್ಟು ಹೋಗ್ತೀರೇನ್ರಿ?" ಎಂದಳು ಆಕೆ.

ಮೂರನೆಯ ತಪ್ಪು ನನ್ನದು. ಕಾಕಾ ಪಂಪಿನ ರೂಢಿಯಂತೆ ಜೋಡಿಸಿದ್ದರು: ಕರೆಂಟು ಬಂದರೆ ರಿಲೇ ಎಳೆಯಬೇಕು, ಎಳೆದರೆ ಕೆಲಸವಾಗಬೇಕು. ಗುಂಡಿಯ ತಂತಿ ಕಡಿದರೆ ಎಳೆಯಲು ಕರೆಂಟೇ ಬರುವುದಿಲ್ಲ, ಬಾಗಿಲು ಬಿಡುವುದಿಲ್ಲ. ನಾನು ಪರೀಕ್ಷಿಸದೆ ಒಪ್ಪಿಕೊಂಡಿದ್ದೆ. ಪರರ ತಪ್ಪು ಎಣಿಸುವ ಉತ್ಸಾಹದಲ್ಲಿ ಸ್ವಂತ ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿರಲಿಲ್ಲ.

"ಇಷ್ಟು ವರ್ಷ ಹಿಂಗ ಮಾಡೇನಲ್ಲವಾ," ಎಂದರು ಕಾಕಾ ಮೆಲ್ಲಗೆ.

"ಮೋಟರ್ ನಿಂತ್ರ ಗದ್ದಿ ಒಣಗತೈತಿ, ಕಾಕಾ. ಇದು ಕೆಟ್ಟು ನಿಂತ್ರ ಇವರು ಒಳಗ ಉಳೀತಾರ."

ಕಾಕಾ ಸ್ಕ್ರೂಡ್ರೈವರ್ ಎತ್ತಿಕೊಂಡರು. ತಿದ್ದುವ ದಾರಿ ಸರಳ: ರಿಲೇ ಸದಾ ಎಳೆದುಕೊಂಡೇ ಇರಬೇಕು, ಗುಂಡಿ ಒತ್ತಿದರೂ, ತಂತಿ ಸುಟ್ಟರೂ, ಬ್ಯಾಟರಿ ಸತ್ತರೂ ಅದು ಕೈಬಿಡಬೇಕು, ಅದು ಕೈಬಿಟ್ಟಾಗ ಅಯಸ್ಕಾಂತವೂ ಬಿಡಬೇಕು.

ಮಾಲೀಕರಿಗೆ ಇದು ಅರ್ಥವಾದದ್ದೇ ತಡ, ಅಡ್ಡ ಬಂದರು. "ಇಲಿ ಒಂದ್ ವೈರ್ ಕಡೀತಂದ್ರ ನನ್ನ ಮಾಲೆಲ್ಲ ಬಯಲಿಗೆ ಬಿತ್ತಲ್ರಿ! ಮೊದ್ಲಿದ್ದದ್ದ ಛಲೋ ಐತಿ. ಸಹಿ ಹಾಕ್ರಿ."

"ಇಲಿಗೆ ಬೋನು ಇಡ್ರಿ. ಹೆಂಗಸರಿಗೆ ಯಾಕ ಇಡ್ತೀರಿ?"

"ಭಾಷಣ ಬ್ಯಾಡ ಅಕ್ಕಾರ, ಸಹಿ."

ಪೆನ್ನಿನ ಮುಚ್ಚಳ ಹಾಕಿ ಕಿಸೆಗಿಟ್ಟುಕೊಂಡೆ. ಸಹಿ ಇಲ್ಲದ ಕಾಗದವನ್ನು ಕಂಪನಿ ಒಪ್ಪುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಸರಕಿನ ಬಗ್ಗೆ ಅವರ ಭಯ ಸುಳ್ಳಲ್ಲ ಎಂದೂ ಒಪ್ಪಿಕೊಂಡೆ. ಅದರ ಭಾರವನ್ನು ಹೆಂಗಸರ ಮೇಲೆ ಹೊರಿಸಿದ್ದಷ್ಟೇ ತಪ್ಪು. ಪೆಟ್ಟಿಗೆಯಲ್ಲಿ ಇನ್ನೊಂದು ರಿಲೇ ಖಾಲಿಯಿತ್ತು. ಬಾಗಿಲು ಹೀಗೆ ಬಿಟ್ಟಾಗಲೆಲ್ಲ ಕಚೇರಿಯಲ್ಲಿ ಸೈರನ್ ಕೂಗುವಂತೆ ಮಾಡಿಕೊಡುತ್ತೇನೆ ಎಂದೆ. ಅವರು ಬಹಳ ಹೊತ್ತು ಗೊಣಗಿ, ಕೊನೆಗೆ ಕುರ್ಚಿ ಎಳೆದುಕೊಂಡು ಕುಳಿತರು. ಅದನ್ನೇ ಒಪ್ಪಿಗೆಯೆಂದು ತಿಳಿದು ಕಾಕಾ ತಂತಿಗಳನ್ನು ಬಿಚ್ಚಿದರು.

ಈ ಸಲ ತಂತಿ ಕೀಳಲು ನಾನು ಕೈ ಹಾಕಲಿಲ್ಲ. ಪ್ರಶ್ನೆ ಕೇಳಿದವಳನ್ನೇ ಕರೆದೆ. ಬ್ಯಾಟರಿಯ ಕರೆಂಟು ಹರಿಯುವ ಆ ಗುಂಡಿಯ ತಂತಿಗೆ ಶಾಕ್ ಹೊಡೆಯುವಷ್ಟು ಬಲವಿಲ್ಲ ಎಂದು ಕಾಕಾ ಎರಡು ಸಲ ಹೇಳಬೇಕಾಯಿತು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಒಂದೇ ಏಟಿಗೆ ಎಳೆದಳು. ರಿಲೇ ಟಿಕ್ಕೆಂದಿತು, ಸೈರನ್ ಕಿರುಚಿತು, ಬಾಗಿಲು ಸಡಿಲಗೊಂಡು ಸಂದಿಯಿಂದ ಬಿಸಿಲು ಒಳಬಿತ್ತು.

ಹೆಂಗಸರು ಯಾರೂ ಏಳಲಿಲ್ಲ. ಎಲ್ಲರ ಕಣ್ಣು ಮಾಲೀಕರ ಮುಖದ ಮೇಲಿತ್ತು. ಈ ತಪ್ಪನ್ನು ಯಾವ ರಿಲೇಯೂ ತಿದ್ದಲಾರದು ಎಂದು ನನಗೆ ಹೊಳೆಯುವಷ್ಟರಲ್ಲಿ ಆಕೆ ತಿರುಗಿ ಗದರಿದಳು:

"ಏನ ಮಾರಿ ನೋಡ್ತೀರೇ? ಏಳ್ರೇ! ಬೆಂಕಿ ಬಿದ್ದಾಗೂ ಇವರನ್ನ ಕೇಳಿ ಓಡ್ತೀರೇನು?"

ಒಬ್ಬಳು ಎದ್ದಳು, ಆಮೇಲೆ ಇಬ್ಬರು, ಆಮೇಲೆ ಸಾಲು ಸಾಲೇ. ಹೊರಗೆ ಬೇವಿನ ನೆರಳಿಗೆ ಹೋಗಿ ನಿಂತರು. ಕೋಣೆ ಪೂರಾ ಖಾಲಿಯಾದದ್ದನ್ನು ಕಣ್ಣಾರೆ ನೋಡಿದ ಮೇಲೆ ನಾನು ಪೆನ್ನು ತೆಗೆದು ಸಹಿ ಹಾಕಿದೆ.