ಅಕ್ಕನ ದುರ್ಬೀನು

ಮುಧೋಳದ ನಮ್ಮ ಸೊಸೈಟಿ ಆಫೀಸಿನಲ್ಲಿ ಕರೆಂಟು ಹೋದಾಗಲೆಲ್ಲ ಮೇಜಿನ ಕೆಳಗಿನ ಯುಪಿಎಸ್ಸು ಕುಂಯ್ ಕುಂಯ್ ಎಂದು ಅಳತೊಡಗುತ್ತದೆ. ಉಳಿದವರಿಗೆ ಅದು ಬರೀ ಕಿರಿಕಿರಿ. ಯಾರಾದರೊಬ್ಬರು ಕಾಲಿನಿಂದಲೇ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸುತ್ತಾರೆ. ನನಗೆ ಮಾತ್ರ ಆ ಸದ್ದಿನ ಬೆನ್ನಿಗೇ ತೇರದಾಳದ ಮನೆಯ ಹಿತ್ತಲ ಕೋಣೆಯಿಂದ ಅಕ್ಕ ಕೂಗಿಕೊಳ್ಳುವುದು ಕೇಳುತ್ತದೆ: “ಲೇ, ಇನ್ನ ಎರಡ ನಿಮಿಷ ಇದ್ದಿದ್ರ ಚಂದ್ರನ ಮ್ಯಾಲ ಇಳೀತಿದ್ನೆಲೇ! ಈ ಸುಡುಗಾಡ ಕರೆಂಟು!” ಆ ಕೋಣೆ ಈಗಿಲ್ಲ. ಮನೆ ಕಾಕಾಂದಿರಿಗೆ ಪಾಲಾಗಿ, ಗೋಡೆಗಳು ಬಿದ್ದು, ಅಲ್ಲಿ ಅಂಗಡಿಗಳ ಸಾಲು ಎದ್ದಿದೆ. ನಮ್ಮ ಅಜ್ಜಿ, ಆಯಿ, ಎಂದೋ ಹೋದಳು. ಅಪ್ಪ, ಅವ್ವ ನನ್ನ ಜೊತೆಗಿದ್ದಾರೆ. ಅಕ್ಕ ಬದುಕಿದ್ದಾಳೆ, ಆದರೆ ಅಕ್ಕಾ ಎಂದು ಕರೆಯಲು ನನಗೆ ಯಾರೂ ಉಳಿದಿಲ್ಲ.

ಅವಳ ಹೆಸರು ಪದ್ಮಶ್ರೀ. ನನಗಿಂತ ಬಹಳ ದೊಡ್ಡವಳು. ಅವ್ವನಿಗಿಂತ ಹೆಚ್ಚಾಗಿ ಅವಳ ಸೊಂಟದ ಮೇಲೆಯೇ ನಾನು ಬೆಳೆದದ್ದು. ಜಮಖಂಡಿಯ ಕಾಲೇಜಿಗೆ ಸೇರಿದಾಗ ಅಪ್ಪ ಅವಳಿಗೊಂದು ಹಳೆಯ ಕಂಪ್ಯೂಟರು ಕೊಡಿಸಿದ. ಶುರುವಾದೊಡನೆ ಅದರಿಂದ ಕಾದ ಧೂಳಿನ ವಾಸನೆ ಏಳುತ್ತಿತ್ತು, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಗುರುಗುಡುತ್ತಿತ್ತು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ ಅವಳಿಗೆ ಆ ಆಟ ಸಿಕ್ಕಿತ್ತು. ಗುಂಡು ಹಾರಿಸುವುದಿಲ್ಲ, ವೈರಿಗಳಿಲ್ಲ. ಒಂದು ಭೂಮಿ, ಒಂದು ಚಂದ್ರ, ಒಂದು ಗಗನನೌಕೆ, ಮೂಲೆಯಲ್ಲಿ ಓಡುವ ಹಸಿರು ಅಂಕಿಗಳು ಅಷ್ಟೇ. ನಾನು ಬೇಸರಪಟ್ಟುಕೊಂಡರೆ ಮಗ್ಗುಲಿಗೆ ಕೂರಿಸಿಕೊಂಡು ನೌಕೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಮುಂದೆ ಹೋಗುತ್ತಿರುವ ಇನ್ನೊಂದು ನೌಕೆಯನ್ನು ಹಿಡಿಯಬೇಕು. ನಾನು ವೇಗ ಹೆಚ್ಚಿಸುತ್ತಿದ್ದೆ. ಹೆಚ್ಚಿಸಿದಷ್ಟೂ ಅದು ದೂರ ದೂರ. “ಬೆನ್ನ ಹತ್ತಬ್ಯಾಡ ಬೇ,” ಎಂದು ನಗುತ್ತಿದ್ದಳು, “ವೇಗಾ ಕಮ್ಮಿ ಮಾಡಿ ಸ್ವಲ್ಪ ಕೆಳಗ ಇಳಿ. ಇಳಿದ್ರನ ಅದು ಸಿಗೂದು.” ಈ ಉಲ್ಟಾ ಲೆಕ್ಕ ನನ್ನ ತಲೆಗೆ ಇವತ್ತಿಗೂ ಹೋಗಿಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು. ಓಣಿಯ ಉಳಿದ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಏಳುವಷ್ಟರಲ್ಲಿ ನಮ್ಮಲ್ಲಿ ಭಾಂಡೆ ತೊಳೆದು ಬೋರಲು ಹಾಕಿರುತ್ತಿತ್ತು. ಮಳೆಗಾಲದಲ್ಲಿ ಹಿತ್ತಲ ದೀಪ ಹಚ್ಚಲು ಆಯಿ ಬಿಡುತ್ತಿರಲಿಲ್ಲ, “ಹುಳಾ ಬಂದ ಬಿದ್ದ ಸಾಯ್ತಾವ, ಪಾಪ ಯಾಕ ಕಟಗೊಳ್ಳೂದು?” ಎನ್ನುತ್ತಿದ್ದಳು. ಹೀಗೆ ಇಡೀ ಓಣಿಯಲ್ಲಿ ನಮ್ಮ ಹಿತ್ತಲಿನಷ್ಟು ಕತ್ತಲೆ ಇನ್ನೆಲ್ಲೂ ಇರಲಿಲ್ಲ. ಆ ಕತ್ತಲೆಯನ್ನು ಕಂಡೇ ಅಕ್ಕ ದುರ್ಬೀನು ಮಾಡಿದ್ದು. ಹೊಲಕ್ಕೆಂದು ತಂದಿದ್ದ ಪೈಪಿನ ತುಂಡು, ಚಷ್ಮಾ ಅಂಗಡಿಯಿಂದ ಬೇಡಿ ತಂದ ಗಾಜು, ಗಡಿಯಾರ ರಿಪೇರಿಯವನು ಕಣ್ಣಿಗೆ ಕಚ್ಚಿಸಿಕೊಳ್ಳುವ ಗಾಜು, ಇಷ್ಟರಲ್ಲೇ ಮುಗಿಯಿತು. ಒಂದು ಸಂಜೆ ಮಳೆ ಹೊಳವಾದಾಗ ಅದನ್ನು ಕಟ್ಟಿಗೆಯ ಕುರ್ಚಿಗೆ ಕಟ್ಟಿ ಆಯಿಯನ್ನು ಕೂರಿಸಿ ಗುರುಗ್ರಹ ತೋರಿಸಿದಳು. ಒಂದು ದೊಡ್ಡ ಚುಕ್ಕಿ, ಪಕ್ಕದಲ್ಲಿ ಸಾಲಾಗಿ ನಾಲ್ಕು ಸಣ್ಣವು. “ಯವ್ವಾ, ಚುಕ್ಕಿ ಮರೀ ಹಾಕೇತಿ!” ಎಂದಳು ಆಯಿ. ಶಾಸ್ತ್ರದ ಪ್ರಕಾರ ಜಂಬೂದ್ವೀಪಕ್ಕೆ ಇಬ್ಬರು ಚಂದ್ರರು ಎಂದು ನಮಗೆ ಹೇಳಿಕೊಟ್ಟವಳೂ ಅವಳೇ. ಅಕ್ಕ ಬಿಡುತ್ತಾಳೆಯೇ? “ನೋಡ ಆಯಿ, ಗುರು ಒಬ್ಬಂಗ ನಾಕ ಚಂದ್ರ ಅದಾವ. ನೀ ಎರಡ ಅಂದ್ರ ಭಾಳ ಕಮ್ಮಿ ಆತು.” ಅಜ್ಜಿ, ಮೊಮ್ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಟದಲ್ಲಿ ನೌಕೆ ಭೂಮಿಯನ್ನು ಒಂದೂವರೆ ತಾಸಿಗೊಮ್ಮೆ ಸುತ್ತುತ್ತದೆ, ಅಷ್ಟು ಹೊತ್ತಿಗೊಮ್ಮೆ ಸೂರ್ಯ ಮುಳುಗುತ್ತಾನೆ ಎಂದು ಅಕ್ಕ ಹೇಳಿದಾಗ ಆಯಿಗೆ ನಿಜಕ್ಕೂ ಚಿಂತೆಯಾಯಿತು. “ಮತ್ತ ಅದರಾಗ ಕುಂತವ್ರು ಉಣ್ಣೂದ್ಯಾವಾಗ? ಪಾತ್ರಿ ಇಳಸೂದ್ರಾಗ ಹೊತ್ತ ಮುಳಗತೈತಲ್ಲ, ಉಪವಾಸ ಸಾಯ್ತೀ ನೀ!” ನೀವು ನಗಬಹುದು. ನಮ್ಮ ಮನೆಯಲ್ಲಿ ಅದು ವಾರಗಟ್ಟಲೆ ನಡೆದ ಚರ್ಚೆ. ಕೊನೆಗೆ ಅಕ್ಕನೇ ತೀರ್ಪು ಕೊಟ್ಟಳು: “ದಿನಕ್ಕ ಒಂದ ಸಲ ಉಂಡ್ರ ಸಾಕ ಬಿಡ, ಆಯಿ.” ಚೇಷ್ಟೆಗೆ ಆಡಿದ ಮಾತು. ಬಾಯಿಗೆ ಬಂದ ಮಾತು ಬಾಳಿಗೂ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಆಯಿ ತೀರಿಕೊಂಡ ಮರುವರ್ಷ ಚಾತುರ್ಮಾಸಕ್ಕೆ ನಮ್ಮೂರ ಬಸದಿಗೆ ಸಾಧ್ವಿಯರ ಸಂಘ ಬಂತು. ಅಕ್ಕ ದಿನಾ ಪ್ರವಚನಕ್ಕೆ ಹೋಗತೊಡಗಿದಳು. ಮೊದಮೊದಲು ತೆಂಗಿನಕಾಯಿ, ಅಕ್ಕಿ ಹಿಡಿದು ಅವ್ವನ ಜೊತೆ, ಆಮೇಲೆ ಒಬ್ಬಳೇ, ಆಮೇಲೆ ನಮ್ಮ ಕೋಣೆಗೆ ಮಲಗಲು ಬರುವಷ್ಟು ಮಾತ್ರ ನಮ್ಮವಳು. ಕಂಪ್ಯೂಟರಿನ ಮೇಲೆ ಅವ್ವನ ಹಳೆಯ ಸೀರೆ ಹೊದಿಸಿದ್ದಳು. ದೀಕ್ಷೆ ತೆಗೆದುಕೊಳ್ಳುತ್ತೇನೆ ಎಂದಾಗ ಊರು ಪುಣ್ಯವಂತರ ಮನೆ ಎಂದು ನಮ್ಮ ಬಾಗಿಲಿಗೆ ಬಂದು ಕೈಮುಗಿಯಿತು. ನಾನೊಬ್ಬಳೇ ಜಗಳಕ್ಕೆ ನಿಂತೆ. ಯಾಕೆ ಎಂದು ಕೇಳಿದೆ. ಹಿತ್ತಲ ಕಟ್ಟೆಯ ಮೇಲೆ ಕೂತು ನನ್ನ ಜಡೆ ಹಾಕುತ್ತಾ ಹೇಳಿದಳು: “ರಾಕೆಟ್ ನೋಡೀಯಿಲ್ಲ? ಹೊತಗೊಂಡದ್ದನ್ನ ಒಂದೊಂದ ಒಗದಷ್ಟೂ ಮ್ಯಾಲ ಹೊಕ್ಕೈತಿ. ನನಗ ಭಾಳ ದೂರ ಹೋಗೂದೈತಿ ಬೇ.”

“ಒಗಿಯೂದ್ರಾಗ ನಾನೂ ಬಂದ್ನೇನ ಅಕ್ಕಾ?”

ಅವಳು ಜಡೆ ಮುಗಿಸಿದಳು. ರಿಬ್ಬನ್ನು ಬಿಗಿಯಾಗಿ ಕಟ್ಟಿದಳು.

ದೀಕ್ಷೆಯ ಹಿಂದಿನ ದಿನ ಅವಳನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿ ಮೆರವಣಿಗೆ ಮಾಡಿದರು. ಮರುದಿನ ಮಂಟಪದಲ್ಲಿ ಗುರುಗಳು ಅವಳ ಕೂದಲನ್ನು ಹಿಡಿಹಿಡಿಯಾಗಿ ಕಿತ್ತರು. ಅವ್ವ ಮಡಿಲಲ್ಲಿ ಬಿಳಿ ಬಟ್ಟೆ ಹಾಸಿ ಆ ಕೂದಲನ್ನು ಹಿಡಿದಳು. ಜಯಘೋಷದಲ್ಲಿ ಅವ್ವನ ಅಳು ಯಾರಿಗೂ ಕೇಳಲಿಲ್ಲ, ಪಕ್ಕದಲ್ಲಿದ್ದ ನನಗೆ ಕೇಳಿತು. ಬಿಳಿ ಸೀರೆ, ಹೊಸ ಹೆಸರು. ಅಪ್ಪ ಮುಂದೆ ಹೋಗಿ ಹೆತ್ತ ಮಗಳಿಗೆ ಬಾಗಿ “ವಂದಾಮಿ ಮಾತಾಜಿ” ಎಂದ. ನನ್ನನ್ನೂ ಯಾರೋ ಮುಂದಕ್ಕೆ ತಳ್ಳಿದರು. ಬಾಗಿದೆ, ಮಾತಾಜಿ ಅನ್ನಲಿಲ್ಲ. ಅಂದಿನಿಂದ ಅವಳಿಗೆ ವಾಹನವಿಲ್ಲ, ದೀಪವಿಲ್ಲ. ದಿನಕ್ಕೆ ಒಂದೇ ಹೊತ್ತು ಬೊಗಸೆಯಲ್ಲಿ ಊಟ. ಚಂದ್ರಲೋಕಕ್ಕೆ ಹೊರಟಿದ್ದವಳು ಬರಿಗಾಲಲ್ಲಿ ಊರೂರು ನಡೆಯತೊಡಗಿದಳು.

ಕಳೆದ ಚಳಿಗಾಲದಲ್ಲಿ ಅವರ ಸಂಘ ಲೋಕಾಪುರದ ಮೇಲೆ ಹಾಯ್ದು ಹೋಯಿತು. ಅವ್ವನಿಗೆ ಮಂಡಿನೋವು, ಅಪ್ಪನಿಗೆ ಅವಳನ್ನು ಬಿಟ್ಟು ಬರಲಾಗದು. ನಾನೊಬ್ಬಳೇ ಬಸ್ಸು ಹತ್ತಿದೆ. ಅಕ್ಕ ಬಹಳ ಸೊರಗಿದ್ದಳು. ಅಂಗಾಲು ಒಡೆದು ಹೊಲದ ಬಿರುಕಿನಂತಾಗಿದ್ದವು. ಸಾಲಿನಲ್ಲಿ ನನ್ನ ಸರದಿ ಬಂದಾಗ ಅವಳ ಕಣ್ಣು ನನ್ನನ್ನು ಗುರುತಿಸಿತು, ಆಣೆ ಮಾಡಿ ಹೇಳುತ್ತೇನೆ, ಗುರುತಿಸಿತು. ನವಿಲುಗರಿಯ ಪಿಂಛಿ ಎತ್ತಿ ಎಲ್ಲರಿಗೂ ಮಾಡಿದಂತೆಯೇ ಆಶೀರ್ವಾದ ಮಾಡಿದಳು. “ನಿಮ್ಮ ತಾಯಿ-ತಂದಿ ಆರಾಮ ಅದಾರೇನ್ರಿ?” ಎಂದಳು.

ನಿಮ್ಮ ತಾಯಿ-ತಂದಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನನ್ನು ‘ರಿ’ ಹಚ್ಚಿ ಮಾತಾಡಿಸಿದಳು. ಆರಾಮ ಇದ್ದಾರೆ ಎಂದೆ. ಹಿಂದಿದ್ದವರು ತಳ್ಳುತ್ತಿದ್ದರು. ಇನ್ನೇನು ಹೇಳಲಿ? “ದುರ್ಬೀನ ಇನ್ನೂ ಐತ್ರಿ, ನನ್ನ ಹಂತ್ಯಾಕ ಐತಿ,” ಎಂದುಬಿಟ್ಟೆ. ಅವಳು ಪಿಂಛಿ ಕೆಳಗಿಳಿಸಿದಳು. ಆಮೇಲೆ ಮೆಲ್ಲಗೆ, “ಯಾವದರ ಸಾಲಿ ಮಾಸ್ತರಿಗೆ ಕೊಟ್ಟಬಿಡ್ರಿ. ಹುಡುಗೂರ ನೋಡ್ತಾವ,” ಎಂದು ಮುಂದಿನವರ ಕಡೆ ತಿರುಗಿದಳು.

ನಾನು ಕೊಟ್ಟಿಲ್ಲ. ಮಾತಾಜಿಯ ಮಾತು ಮೀರಿದ ಪಾಪ ನನಗಿರಲಿ. ಒಂದೇ ಒಂದು ಸಲ, ಮೊದಲಿನ ಹಾಗೆ “ಕೊಡ ಬೇ” ಅಂದಿದ್ದರೆ, ಮರುದಿನವೇ ಕೊಟ್ಟುಬಿಡುತ್ತಿದ್ದೆ.