ಮುಖಕ್ಕೆ ಮುಖ ಅಂಟಿದ ಫೋಟೊಗಳು

ಮೂರು ವರ್ಷದಿಂದ ಚಿಕ್ಕಮ್ಮ ಒಂದೇ ಸುಳ್ಳನ್ನು ಸಾಕಿಕೊಂಡು ಬಂದಿದ್ದಳು. ತಗಡಿನ ಟ್ರಂಕಿನ ಬೀಗದ ಕೈ ಕಳೆದುಹೋಗಿದೆ ಎಂಬುದು ಆ ಸುಳ್ಳು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು.

ಟ್ರಂಕಿನ ತುಂಬ ಮನೆಮಂದಿಯ ಬಿಡಿ ಫೋಟೊಗಳು. ಚಿಕ್ಕಮ್ಮ ಇಪ್ಪತ್ತಾರು ವರ್ಷ ಒಂದು ಸ್ಟುಡಿಯೋದಲ್ಲಿ ಫೋಟೊ ತೊಳೆಯುವ ಕೆಲಸ ಮಾಡಿದವಳು. ಕತ್ತಲೆಕೋಣೆಯಿಂದ ಬಂದ ಕಾಗದಗಳನ್ನು ಮೂರು ಟ್ರೇ ನೀರಿನಲ್ಲಿ ಆಡಿಸಿ, ಮದ್ದು ಬಿಡಿಸಿ, ಹಗ್ಗಕ್ಕೆ ತೂಗುಹಾಕುವುದು. ಓದು ಅಕ್ಷರ ಕೂಡಿಸುವಷ್ಟೇ. ಆದರೆ ಯಾರ ಮುಖ ಯಾವ ಲಕೋಟೆಗೆ ಎಂಬುದರಲ್ಲಿ ಒಂದು ದಿನವೂ ತಪ್ಪಿದವಳಲ್ಲ.

ಆ ರಾಶಿಯಲ್ಲಿ ಅವಳ ಅಕ್ಕನದು ಒಂದೇ ಒಂದು ಫೋಟೊ. ಅಕ್ಕ ಒಮ್ಮೆ ಸ್ಟುಡಿಯೋಕ್ಕೆ ಊಟದ ಡಬ್ಬಿ ತಂದಾಗ ಮಾಲೀಕರು, "ರೀಲಲ್ಲಿ ಒಂದು ಉಳ್ದಿದೆ, ಕೂತ್ಕೊಳಮ್ಮ, ಮುಗಿಸಿಬಿಡೋಣ" ಎಂದು ಹಿಡಿದದ್ದು. ಮರುವರ್ಷ ಜ್ವರ ಬಂದು ಅಕ್ಕ ಹೋದಳು. ಅವಳ ಹನ್ನೊಂದು ತಿಂಗಳ ಕೂಸು ಚಿಕ್ಕಮ್ಮನ ಮಡಿಲಿಗೆ ಬಿತ್ತು. ಸ್ಟುಡಿಯೋ ಮುಚ್ಚಿದಾಗ ನೆಗೆಟಿವುಗಳನ್ನೆಲ್ಲ ಫಿಲ್ಮಿನಿಂದ ಬೆಳ್ಳಿ ತೆಗೆಯುವವರು ಮೂಟೆ ಕಟ್ಟಿಕೊಂಡು ಹೋದರು; ಇನ್ನೊಂದು ಪ್ರತಿ ತೆಗೆಸುವ ಹಾಗಿರಲಿಲ್ಲ.

ಸ್ಟುಡಿಯೋದಲ್ಲಿ ಎರಡೆರಡು ಫೋಟೊಗಳನ್ನು ಮುಖಕ್ಕೆ ಮುಖ ಸೇರಿಸಿ ಲಕೋಟೆಗೆ ಹಾಕುತ್ತಿದ್ದರು, ಗೀರು ಬೀಳದಿರಲೆಂದು. ಅದು ಗಿರಾಕಿ ಮನೆ ಮುಟ್ಟುವವರೆಗಿನ ಉಪಾಯ. ಚಿಕ್ಕಮ್ಮ ಮನೆಯಲ್ಲೂ ಅದನ್ನೇ ಮಾಡಿದಳು. ಅಕ್ಕನ ಎದುರಿಗೆ ಕೂಸಿನ ಫೋಟೊ ಇಟ್ಟಳು, ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡಿರಲಿ ಎಂದು. ಹುಳ ಹಿಡಿಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಳು. ಮೂರು ವರ್ಷದ ಹಿಂದೆ ಬಿಚ್ಚಿದರೆ, ಒಳಗೆ ತೇವ ಕೂತು ಎರಡೂ ಒಂದೇ ರಟ್ಟಾಗಿದ್ದವು. ಮತ್ತೆ ಬೀಗ ಜಡಿದಳು.

ಆ ಕೂಸು ಈಗ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸು. ಚಿಕ್ಕಂದಿನಲ್ಲಿ ಫೋಟೊದಲ್ಲಿ ಕಂಡ ಅಮ್ಮನ ಮುಖ ಮರೆತೇಹೋಗಿದೆ, ಒಂದು ಸಲ ತೋರಿಸು ಎಂದು ಕೇಳಿ ಕೇಳಿ ಬೇಸತ್ತು, ರಜೆಯ ದಿನ ಒಂದು ಕಂತೆ ಕಾಗದದ ಲಕೋಟೆ ಹಿಡಿದು ಬಂದಳು. ಹಿಂದೆ ಬೀಗ ರಿಪೇರಿಯವನು.

"ಬೀಗದ ಕೈ ಕಳ್ದೋದ್ರೆ ಏನಂತೆ, ಒಡೆಯೋರನ್ನೇ ಕರ್ಕೊಂಡು ಬಂದೆ."

ರಿಪೇರಿಯವನು ಸುತ್ತಿಗೆ ಎತ್ತಿದಾಗ ಚಿಕ್ಕಮ್ಮ ಸೊಂಟದಿಂದ ಬೀಗದ ಕೈ ತೆಗೆದು ಮುಂದಿಟ್ಟಳು.

"ಒಳ್ಳೆ ಮನೆ ಕಣಮ್ಮ ಇದು!" ಎಂದ ಅವನು. "ಕೆಲ್ಸ ಅಂತೂ ಇಲ್ಲ, ಕುಡಿಯೋಕೆ ನೀರಾದ್ರೂ ಕೊಡಿ."

ಅವನು ಹೋದ ಮೇಲೆ ಚಿಕ್ಕಮ್ಮ ಎಲ್ಲ ಹೇಳಿದಳು. ಮಗಳು ಬೈಯಲಿಲ್ಲ. ಆ ರಟ್ಟನ್ನು ಬೆಳಕಿಗೆ ಹಿಡಿದಳು, ಅಂಚಿಗೆ ಉಗುರು ಹಾಕಿದಳು.

"ತೆಗಿ ಕೈ! ಹರಿದೀತು. ನೀರಿಗೆ ಹಾಕ್ಬೇಕು."

"ಫೋಟೊನ ನೀರಿಗೆ ಹಾಕ್ತಾರಾ? ತಲೆ ಕೆಟ್ಟಿದ್ಯಾ ನಿಂಗೆ?"

"ನೀರಲ್ಲೇ ಹುಟ್ಟಿದ್ದು ಕಣೆ ಅದು. ಬೇರೆ ಜೋಡಿಗಳೂ ಅಂಟಿವೆ, ಮೊದ್ಲು ಅದ್ರಲ್ಲೊಂದು ಹಾಕಿ ನೋಡೋಣ."

ಕಾಯಿಸಿ ಆರಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಅಗಲ ಬೇಸಿನ್‌ಗೆ ಹುಯ್ದು, ಸೈಕಲ್ಲಿಗೆ ಒರಗಿ ನಿಂತ ಸೋದರಮಾವನ ಜೋಡಿಯನ್ನು ಮುಳುಗಿಸಿದರು. ಕಾಲುಗಂಟೆಗೇ ಮಗಳಿಗೆ ತಡೆಯಲಾಗಲಿಲ್ಲ, ಎಳೆದಳು. ಬಿಟ್ಟಿತು, ಆದರೆ ಅರ್ಧ ಮೀಸೆ ಎದುರಿನ ಫೋಟೊಕ್ಕೆ ಹೋಯಿತು.

"ಮಾವಂಗೆ ಅರ್ಧ ಕ್ಷೌರ ಮಾಡ್ಬಿಟ್ಟೆ," ಎಂದು ನಕ್ಕವಳ ನಗು ಅಲ್ಲೇ ನಿಂತಿತು. "ಅಮ್ಮನ ಕಣ್ಣು ಹೀಗಾದ್ರೆ? ಬೇಡ ಚಿಕ್ಕಮ್ಮ. ಅಂಟಿಕೊಂಡೇ ಇರ್ಲಿ. ಒಳಗಿದಾಳೆ ಅಂತ ಗೊತ್ತಿದ್ರೆ ಸಾಕು."

"ಒಳಗಿದ್ರೆ ಬೂಷ್ಟು ಹಿಡೀತಾಳೆ. ಮೀಸೆ ಕಿತ್ತಿದ್ದು ನೀರಲ್ಲ, ನಿನ್ನ ಅವಸರ. ಈ ಸಲ ನೀನು ಮುಟ್ಟೋ ಹಾಗಿಲ್ಲ."

ಮಗಳು ಬೇಸಿನ್ನನ್ನು ತಾನೇ ಮುಂದಕ್ಕೆ ತಳ್ಳಿದಳು.

ಚಿಕ್ಕಮ್ಮ ಅಕ್ಕನ ಜೋಡಿಯನ್ನು ಮುಳುಗಿಸಿ ಎರಡೂವರೆ ಗಂಟೆ ಮಣೆಯ ಮೇಲೆ ಕೂತಳು. ಎರಡು ಸಲ ನೀರು ಬದಲಿಸಿದಳು. ಆಗಾಗ ಮೂಲೆಯ ಕೆಳಗೆ ಕಿರುಬೆರಳು ತೂರಿಸುವಳು, ಇನ್ನೂ ಹಿಡಿದಿದ್ದರೆ ಹಿಂದಕ್ಕೆ ತೆಗೆಯುವಳು. ಮಗಳು ಬಾಗಿಲಿಗೂ ಒಲೆಗೂ ನಡೆದು ನಡೆದು ಸವೆದಳು. ಕಡೆಗೊಮ್ಮೆ ಮೂಲೆ ಅಲುಗಿತು. ಮೇಲಕ್ಕೆ ಎತ್ತದೆ, ಪಕ್ಕಕ್ಕೆ ಸರಿಸಿದಳು ಚಿಕ್ಕಮ್ಮ. ಕೆನೆ ಜಾರಿದ ಹಾಗೆ ಒಂದರ ಮೇಲಿಂದ ಒಂದು ಜಾರಿ ಬಂತು.

ಕೂಸಿನ ಪಾದದ ಹತ್ತಿರ ಬೆರಳಗಲ ಬಣ್ಣ ಹೋಗಿತ್ತು. ಅಕ್ಕನ ಮುಖಕ್ಕೆ ಕೂದಲೆಳೆಯಷ್ಟೂ ಊನವಾಗಿರಲಿಲ್ಲ.

"ಅಬ್ಬಾ," ಎಂದಳು ಮಗಳು. ಮಂಡಿಯೂರಿ ಕೂತು ನೋಡಿದಳು. "ಇಷ್ಟೊಂದು ಯಾಕೆ ನಗ್ತಿದಾಳೆ?"

"ಆ ಸ್ಟೂಲಿಗೆ ಒಂದು ಕಾಲು ಗಿಡ್ಡ. ಬೀಳ್ತೀನಿ ಬೀಳ್ತೀನಿ ಅಂತಾನೇ ಫೋಟೊ ತೆಗೆಸ್ಕೊಂಡ್ಳು."

ಇಷ್ಟು ಹೊತ್ತೂ ಕಲ್ಲಿನಂತಿದ್ದ ಚಿಕ್ಕಮ್ಮನ ಕೈ ಆಗ ನಡುಗತೊಡಗಿತು.

"ಎಲ್ಲ ಆದ್ಮೇಲೆ ಈಗ್ಯಾಕೆ ನಡುಗ್ತೀಯ?"

"ಆಗ ಪುರುಸೊತ್ತೆಲ್ಲಿತ್ತು?"

ಫೋಟೊಗಳನ್ನು ಮುಖ ಮೇಲಾಗಿ ಬಿಳಿ ಬಟ್ಟೆಯ ಮೇಲೆ ಹಾಸಿದರು. ಒಣಗಿದ ಮೇಲೆ ಒಂದೊಂದಕ್ಕೂ ಒಂದು ಲಕೋಟೆ. ಹೆಸರನ್ನು ಮೊದಲೇ ಪೆನ್ಸಿಲ್ಲಿನಲ್ಲಿ ಲಕೋಟೆಯ ಮೇಲೆ ಬರೆಯುವುದು, ಫೋಟೊದ ಬೆನ್ನ ಮೇಲಲ್ಲ. ಗೋಡೆಗೆ ತಾಗದಂತೆ ಬೀರುವಿನ ನಡುವಿನ ಹಲಗೆಯಲ್ಲಿ ರಟ್ಟಿನ ಪೆಟ್ಟಿಗೆ. ಇಷ್ಟು ಗೊತ್ತುಮಾಡಿಕೊಂಡು ಮಗಳು ಪೆನ್ಸಿಲ್ ಚೂಪು ಮಾಡಿದಳು.

"ಮೊದಲ್ನೇದು ಯಾರ್ದು ಹೇಳು."

ನೊಣ ಕೂರದಂತೆ ಕಾಯುತ್ತೇನೆ ಎಂದು ಗೋಡೆಗೆ ಒರಗಿದ್ದ ಚಿಕ್ಕಮ್ಮ ಹಾಡುಹಗಲೇ ಬಾಯಿ ತೆರೆದು ನಿದ್ದೆಹೋಗಿದ್ದಳು. ಮಗಳು ಅವಳನ್ನು ಎಬ್ಬಿಸಲಿಲ್ಲ. ಒಂದು ಖಾಲಿ ಲಕೋಟೆ ತೆಗೆದುಕೊಂಡು, ಅಮ್ಮನ ಮೇಲೆ ಸುಳಿಯುತ್ತಿದ್ದ ನೊಣವನ್ನು ತಾನೇ ಅಟ್ಟುತ್ತ ಕೂತಳು.